ಇಲಿಯ ಮೂಳೆಯಿಂದ ಬಾಯಿಯ ಜೊಲ್ಲಿನವರೆಗೆ: ವಿಟಮಿನ್ ಡಿ ಅಳತೆಯ ನೂರು ವರ್ಷ

ರಕ್ತಪರೀಕ್ಷೆಯ ರಿಪೋರ್ಟಿನಲ್ಲಿ ವಿಟಮಿನ್ ಡಿ ಎಂಬ ಸಾಲಿನ ಎದುರು ಒಂದು ಸಂಖ್ಯೆ ಇರುತ್ತದೆ. ಪಕ್ಕದಲ್ಲೇ ಇಷ್ಟಿದ್ದರೆ ಕೊರತೆ, ಇಷ್ಟಿದ್ದರೆ ಸಾಕು ಎಂಬ ಗಡಿಗಳೂ ಅಚ್ಚಾಗಿರುತ್ತವೆ. ಓದುವವರಿಗೆ ಅದು ತಮ್ಮ ಎತ್ತರ, ತೂಕಗಳಷ್ಟೇ ಖಚಿತವಾದ ಲೆಕ್ಕವೆಂದು ತೋರುತ್ತದೆ. ಸೂಜಿ ಚುಚ್ಚದೆ ಬಾಯಿಯ ಜೊಲ್ಲಿನಿಂದಲೇ ಇದನ್ನು ಅಳೆಯಬಹುದೇ ಎಂಬ ಪ್ರಶ್ನೆ ಬಂದಾಗಲೂ ಎಲ್ಲರೂ ಮೊದಲು ವಿಚಾರಿಸುವುದು, ಜೊಲ್ಲಿನ ಲೆಕ್ಕ ರಕ್ತದ ಲೆಕ್ಕಕ್ಕೆ ತಾಳೆಯಾಗುತ್ತದೆಯೇ ಎಂದು. ಪ್ರಶ್ನೆ ತಪ್ಪಲ್ಲ. ಆದರೆ ರಕ್ತದ ಲೆಕ್ಕವನ್ನು ಮಾತ್ರ ಯಾರೂ ಪ್ರಶ್ನಿಸಬೇಕಿಲ್ಲ ಎಂಬ ನಂಬಿಕೆ ಅದರೊಳಗೆ ಅಡಗಿದೆ. ವಿಟಮಿನ್ ಡಿಯನ್ನು ಅಳೆದ ನೂರು ವರ್ಷಗಳ ಚರಿತ್ರೆ ಈ ನಂಬಿಕೆಗೆ ಪುಷ್ಟಿ ಕೊಡುವುದಿಲ್ಲ. ಇಲಿಯಿಂದ ಅಳೆದಾಗ ಇಲಿಯ ಗುಣ, ಪ್ರತಿಕಾಯದಿಂದ ಅಳೆದಾಗ ಪ್ರತಿಕಾಯದ ಗುಣ ಸಂಖ್ಯೆಯೊಳಗೆ ಸೇರಿಕೊಂಡಿದೆ. ಅದು ಸೇರಿಕೊಂಡಿದೆ ಎಂದು ಗೊತ್ತಾಗಿದ್ದು ಎರಡು ಬಗೆಯ ಅಳತೆಗಳು ಒಂದಕ್ಕೊಂದು ಹೊಂದದೆ ಹೋದಾಗ, ಆ ಹೊಂದಿಕೆಯಿಲ್ಲದಿರುವುದನ್ನು ಯಾರೋ ಕಡೆಗಣಿಸದೆ ಬೆನ್ನು ಹತ್ತಿದಾಗ. ಲಾಲಾರಸದ ಪರೀಕ್ಷೆಯನ್ನು ತೂಗಿ ನೋಡಬೇಕಾದದ್ದು ಈ ಚರಿತ್ರೆಯ ತಕ್ಕಡಿಯಲ್ಲಿ ಎಂಬುದು ನನ್ನ ವಾದ.

ಮೊದಲು ರೋಗವಿತ್ತು, ಅಳತೆಯಿರಲಿಲ್ಲ. ಮಕ್ಕಳ ಕಾಲು ಬಿಲ್ಲಿನಂತೆ ಬಾಗುವ, ಮಣಿಕಟ್ಟು ಊದುವ, ಎದೆಗೂಡು ಸೊಟ್ಟಗಾಗುವ ರಿಕೆಟ್ಸ್ ರೋಗವನ್ನು ಇಂಗ್ಲೆಂಡಿನ ಡೇನಿಯಲ್ ವಿಸ್ಲರ್ 1645ರಲ್ಲಿ ಲೈಡನ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧದಲ್ಲಿ ವಿವರಿಸಿದ. 1650ರಲ್ಲಿ ಫ್ರಾನ್ಸಿಸ್ ಗ್ಲಿಸನ್ ಅದರ ಮೇಲೆ ದೊಡ್ಡ ಗ್ರಂಥವನ್ನೇ ಬರೆದ. ಮುಂದೆ ಕಾರ್ಖಾನೆಗಳ ಹೊಗೆ ಕವಿದ ಊರುಗಳಲ್ಲಿ, ಇಕ್ಕಟ್ಟಿನ ಓಣಿಗಳಲ್ಲಿ ಈ ರೋಗ ಮನೆಮನೆಯದಾಯಿತು. ಜಪಾನಿನಲ್ಲಿ ವೈದ್ಯ ಮಿಷನರಿಯಾಗಿದ್ದ ಥಿಯೊಬಾಲ್ಡ್ ಪಾಮ್ ಊರಿಗೆ ಮರಳಿದ ಮೇಲೆ ಬೇರೆ ಬೇರೆ ದೇಶಗಳ ವೈದ್ಯರಿಂದ ಮಾಹಿತಿ ಕೂಡಿಹಾಕಿ, ಬಿಸಿಲಿಲ್ಲದಿರುವುದೇ ರಿಕೆಟ್ಸಿಗೆ ಕಾರಣವೆಂದು 1890ರಲ್ಲಿ ಬರೆದ. ಕಾಡ್ ಮೀನಿನ ಎಣ್ಣೆ ಕುಡಿಸಿದರೆ ಮಕ್ಕಳು ಚೇತರಿಸಿಕೊಳ್ಳುತ್ತಾರೆಂಬುದು ಯುರೋಪಿನ ಕಡಲತೀರದ ಮನೆಗಳಿಗೆ ಅದಕ್ಕೂ ಬಹಳ ಹಿಂದೆಯೇ ಗೊತ್ತಿತ್ತು. ಒಬ್ಬರು ಬಿಸಿಲು ಎಂದರು, ಇನ್ನೊಬ್ಬರು ಎಣ್ಣೆ ಎಂದರು. ಇವೆರಡೂ ಒಂದೇ ವಸ್ತುವಿನತ್ತ ಕೈತೋರುತ್ತಿವೆ ಎಂದು ಹೇಳಲು ಯಾರ ಬಳಿಯೂ ದಾರಿಯಿರಲಿಲ್ಲ. ಕಣ್ಣಿಗೆ ಕಾಣುವ ಬಾಗಿದ ಕಾಲೇ ಆಗಿನ ಏಕೈಕ ಅಳತೆಗೋಲು, ಮತ್ತು ಆ ಅಳತೆಗೋಲು ಮಾತಾಡುವ ಹೊತ್ತಿಗೆ ಕಾಲ ಮಿಂಚಿಹೋಗಿರುತ್ತಿತ್ತು.

ಮೊದಲನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಎರಡು ದಾರಿಗಳೂ ಒಂದೆಡೆ ಬಂದು ಕೂಡಿದವು. ಲಂಡನ್ನಿನಲ್ಲಿ ಎಡ್ವರ್ಡ್ ಮೆಲಾನ್‌ಬಿ ನಾಯಿಮರಿಗಳನ್ನು ಒಳಗೇ ಕೂಡಿಹಾಕಿ, ಕೊರತೆಯ ಆಹಾರ ಕೊಟ್ಟು ರಿಕೆಟ್ಸ್ ಬರಿಸಿದ. ಕಾಡ್ ಎಣ್ಣೆಯಿಂದ ಅದನ್ನು ತಡೆದ. ಅಮೆರಿಕದ ಎಲ್ಮರ್ ಮೆಕಾಲಮ್ ಆ ಎಣ್ಣೆಯನ್ನು ಕಾಯಿಸಿ, ಗಾಳಿ ಹಾಯಿಸಿ, ಅದರಲ್ಲಿದ್ದ ವಿಟಮಿನ್ ಎಯನ್ನು ನಾಶಮಾಡಿ ನೋಡಿದ. ಮೂಳೆ ಗಟ್ಟಿಮಾಡುವ ಗುಣ ಹಾಗೆಯೇ ಉಳಿದಿತ್ತು. 1922ರಲ್ಲಿ ಆ ಉಳಿದ ಗುಣಕ್ಕೆ ವಿಟಮಿನ್ ಡಿ ಎಂಬ ಹೆಸರು ಬಂತು. ಇದಕ್ಕೂ ಮೊದಲು, 1918–19ರ ಚಳಿಗಾಲದಲ್ಲಿ, ಬರ್ಲಿನ್ನಿನ ಕುರ್ಟ್ ಹುಲ್ಡ್‌ಶಿನ್ಸ್‌ಕಿ ರಿಕೆಟ್ಸಿನಿಂದ ನರಳುತ್ತಿದ್ದ ನಾಲ್ಕು ಮಕ್ಕಳ ಮೇಲೆ ಪಾದರಸ ದೀಪದ ನೇರಳಾತೀತ ಬೆಳಕು ಬಿಟ್ಟು, ಎಕ್ಸ್‌ರೇಯಲ್ಲಿ ಅವರ ಮೂಳೆಗಳಿಗೆ ಸುಣ್ಣ ತುಂಬಿಬರುವುದನ್ನು ಕಂಡಿದ್ದ. ಆತನ ಅತಿ ಮುಖ್ಯ ಪ್ರಯೋಗ ಇನ್ನೊಂದು. ಮಗುವಿನ ಒಂದು ತೋಳಿಗೆ ಮಾತ್ರ ಬೆಳಕು ಬೀಳಿಸಿದ. ಆದರೆ ವಾಸಿಯಾದದ್ದು ಎರಡೂ ತೋಳು. ಚರ್ಮದಲ್ಲಿ ಹುಟ್ಟಿದ ಏನೋ ಒಂದು ರಕ್ತದಲ್ಲಿ ಹರಿದು, ಬೆಳಕೇ ಕಾಣದ ಮೂಳೆಯನ್ನೂ ತಲುಪಿದೆ ಎಂಬುದಕ್ಕೆ ಇದಕ್ಕಿಂತ ಸರಳವಾದ ಸಾಕ್ಷಿ ಬೇಕಿಲ್ಲ. ರಕ್ತದಲ್ಲಿ ವಿಟಮಿನ್ ಡಿಯನ್ನು ಹುಡುಕಬೇಕೆಂಬ ಎಲ್ಲ ಪ್ರಯತ್ನದ ಬೇರು ಆ ಮಗುವಿನ ಇನ್ನೊಂದು ತೋಳಿನಲ್ಲಿದೆ. ಆದರೂ ರಕ್ತದಲ್ಲಿ ಅದನ್ನು ನಿಜಕ್ಕೂ ಎಣಿಸಲು ಇನ್ನೂ ಐವತ್ತು ವರ್ಷ ಹಿಡಿಯಿತು.

ಆ ಐವತ್ತು ವರ್ಷ ಅಳೆದದ್ದು ಇಲಿಯ ಮೂಳೆಯಲ್ಲಿ. ಮೆಕಾಲಮ್ ಮತ್ತು ಸಂಗಡಿಗರು ರೂಪಿಸಿದ ಈ ವಿಧಾನಕ್ಕೆ ‘ಗೆರೆ ಪರೀಕ್ಷೆ’ ಎನ್ನಬಹುದು. ಹಾಲು ಬಿಡಿಸಿದ ಇಲಿಮರಿಗಳಿಗೆ ಮೆಕ್ಕೆಜೋಳ, ಗೋಧಿಯ ಅಂಟು, ಸುಣ್ಣ, ಉಪ್ಪು ಬೆರೆಸಿದ ಆಹಾರ ಹಾಕುತ್ತಿದ್ದರು. ಸುಣ್ಣದ ಅಂಶ ಹೆಚ್ಚು, ರಂಜಕ ಕಡಿಮೆ ಇರುವ ಈ ಆಹಾರ ತಿಂದು ಕತ್ತಲಲ್ಲಿ ಬೆಳೆದ ಮರಿಗಳಿಗೆ ಮೂರು ವಾರದಲ್ಲಿ ರಿಕೆಟ್ಸ್ ಹಿಡಿಯುತ್ತಿತ್ತು. ಆಮೇಲೆ ಒಂದು ವಾರದಷ್ಟು ಕಾಲ ಪರೀಕ್ಷಿಸಬೇಕಾದ ಎಣ್ಣೆಯನ್ನು ಗೊತ್ತಾದ ಪ್ರಮಾಣದಲ್ಲಿ ತಿನ್ನಿಸಿ, ಇಲಿಯನ್ನು ಕೊಂದು, ಕಾಲಿನ ಮೂಳೆಯನ್ನು ಉದ್ದಕ್ಕೆ ಸೀಳಿ, ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಅದ್ದಿ ಬೆಳಕಿಗೆ ಹಿಡಿಯುತ್ತಿದ್ದರು. ಹೊಸದಾಗಿ ಸುಣ್ಣ ಕಟ್ಟಿದ ಜಾಗ ಕಪ್ಪಾಗುತ್ತಿತ್ತು. ಮೂಳೆಯ ತುದಿಯ ಬಿಳಿಚಿದ ಮೃದ್ವಸ್ಥಿಯ ನಡುವೆ ಅಡ್ಡಲಾಗಿ ಒಂದು ಕಪ್ಪುಗೆರೆ ಮೂಡುತ್ತಿತ್ತು. ಗೆರೆ ತೆಳುವೋ, ದಪ್ಪವೋ, ಕಡಿದಿದೆಯೋ, ಪೂರ್ತಿ ಕೂಡಿದೆಯೋ ಎಂದು ಕಣ್ಣಳತೆಯಿಂದ ಅಂಕ ಕೊಟ್ಟು ಎಣ್ಣೆಯ ಬಲವನ್ನು ನಿರ್ಧರಿಸುತ್ತಿದ್ದರು. 1931ರಲ್ಲಿ ರಾಷ್ಟ್ರಸಂಘದ ಆಶ್ರಯದಲ್ಲಿ ಲಂಡನ್ನಿನಲ್ಲಿ ಸೇರಿದ ತಜ್ಞರು ಎಲ್ಲ ದೇಶಗಳಿಗೂ ಸಲ್ಲುವ ‘ಇಂಟರ್‌ನ್ಯಾಷನಲ್ ಯುನಿಟ್’ ಎಂಬ ಮಾನವನ್ನು ಒಪ್ಪಿಕೊಂಡರು. ಇಂದಿಗೂ ವಿಟಮಿನ್ ಡಿ ಮಾತ್ರೆಯ ಪಟ್ಟಿಯ ಮೇಲೆ 1,000 ಎಂದೋ 60,000 ಎಂದೋ ಅಚ್ಚಾಗಿರುವ ‘ಐಯು’ ಇದೇ. ಆ ಎರಡಕ್ಷರದ ಮೂಲಪಿತೃ ಒಂದು ಇಲಿಯ ಮೂಳೆಯಲ್ಲಿ ಮೂಡಿದ ಗೆರೆ.

ಈ ಅಳತೆ ಎಡವಿದ್ದು ಕೋಳಿಗೂಡಿನಲ್ಲಿ. 1924ರಲ್ಲಿ ವಿಸ್ಕಾನ್ಸಿನ್ನಿನ ಹ್ಯಾರಿ ಸ್ಟೀನ್‌ಬಾಕ್ ಆಹಾರಕ್ಕೆ ನೇರಳಾತೀತ ಬೆಳಕು ತಾಗಿಸಿದರೆ ಅದರಲ್ಲಿ ರಿಕೆಟ್ಸ್ ತಡೆಯುವ ಗುಣ ಹುಟ್ಟುತ್ತದೆಂದು ತೋರಿಸಿದ್ದ. ಯೀಸ್ಟಿನಲ್ಲಿ ಸಿಗುವ ಎರ್ಗೊಸ್ಟೆರಾಲ್‌ಗೆ ಹೀಗೆ ಬೆಳಕು ತಾಗಿಸಿ ಅಗ್ಗದ ವಿಟಮಿನ್ ತಯಾರಿಸತೊಡಗಿದರು. ಇಲಿಯ ಗೆರೆ ಪರೀಕ್ಷೆಯಲ್ಲಿ ಇದಕ್ಕೂ ಕಾಡ್ ಎಣ್ಣೆಗೂ ಯುನಿಟ್ ಲೆಕ್ಕದಲ್ಲಿ ಭೇದವೇ ಇರಲಿಲ್ಲ. ಆದರೆ ಕೋಳಿಮರಿಗಳಿಗೆ ಅಷ್ಟೇ ಯುನಿಟ್ ಕೊಟ್ಟಾಗ ಕಾಡ್ ಎಣ್ಣೆ ತಿಂದ ಮರಿಗಳ ಮೂಳೆ ಗಟ್ಟಿಯಾಯಿತು, ಯೀಸ್ಟಿನ ವಿಟಮಿನ್ ತಿಂದ ಮರಿಗಳ ಕಾಲು ಸೊಟ್ಟಗೇ ಉಳಿಯಿತು. ಅಳತೆ ಕೆಟ್ಟಿತು ಎಂದು ಕೈಬಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ವಿಜ್ಞಾನಿಗಳು ಈ ವ್ಯತ್ಯಾಸದ ಬೆನ್ನು ಹತ್ತಿದ್ದರಿಂದ ವಿಟಮಿನ್ ಡಿ ಎಂಬುದು ಒಂದೇ ವಸ್ತುವಲ್ಲ ಎಂಬುದು ಬಯಲಾಯಿತು. ಯೀಸ್ಟಿನಿಂದ ಬಂದದ್ದು ಡಿ2. ಮೀನೆಣ್ಣೆಯಲ್ಲೂ ನಮ್ಮ ಚರ್ಮದಲ್ಲೂ ಇರುವುದು ಡಿ3. ಇಲಿಗೆ ಎರಡೂ ಸಮ, ಕೋಳಿಗೆ ಅಲ್ಲ. ಇಲಿ ತಪ್ಪು ಹೇಳಿರಲಿಲ್ಲ, ತನಗೆ ಗೊತ್ತಿದ್ದಷ್ಟನ್ನು ಹೇಳಿತ್ತು. ಅಳತೆಯ ಸಾಧನಕ್ಕೆ ಕಾಣದ ಭೇದ ಸಂಖ್ಯೆಯಲ್ಲೂ ಕಾಣುವುದಿಲ್ಲ ಎಂಬ ಈ ಪಾಠ ಮುಂದಿನ ದಶಕಗಳಲ್ಲಿ ಮತ್ತೆ ಮತ್ತೆ ಎದುರಾಯಿತು.

ಇಲಿಯ ಪರೀಕ್ಷೆಗೆ ಇನ್ನೊಂದು ಮಿತಿಯಿತ್ತು. ಅದು ಎಣ್ಣೆಯಲ್ಲಿ, ಹಾಲಿನಲ್ಲಿ ಎಷ್ಟಿದೆ ಎಂದು ಹೇಳುತ್ತಿತ್ತೇ ಹೊರತು ಮನುಷ್ಯನ ಮೈಯಲ್ಲಿ ಎಷ್ಟಿದೆ ಎಂದಲ್ಲ. 1950ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಕೆಲವು ಶಿಶುಗಳ ರಕ್ತದಲ್ಲಿ ಕ್ಯಾಲ್ಸಿಯಂ ಅಪಾಯಕರವಾಗಿ ಏರಿತು. ಶಿಶು ಆಹಾರಗಳಿಗೆ ಹೇರಳವಾಗಿ ಸೇರಿಸಿದ ವಿಟಮಿನ್ ಡಿಯೇ ಕಾರಣವಿರಬೇಕೆಂದು ಶಂಕಿಸಿ 1957ರಲ್ಲಿ ಅದರ ಪ್ರಮಾಣ ಇಳಿಸಿದರು. ಆದರೆ ಕೂಸಿನಿಂದ ತೆಗೆಯಬಹುದಾದಷ್ಟು ರಕ್ತದಲ್ಲಿ ಅದನ್ನು ಅಳೆದು ಶಂಕೆ ನಿಜವೇ ಎಂದು ನೋಡುವ ಉಪಾಯ ಆಗ ಇರಲಿಲ್ಲ. ಬಾಗಿಲು ತೆರೆದದ್ದು 1968ರಲ್ಲಿ. ವಿಸ್ಕಾನ್ಸಿನ್ನಿನ ಹೆಕ್ಟರ್ ಡಿಲೂಕಾ ತಂಡ ಹಂದಿಯ ರಕ್ತದಿಂದ 25-ಹೈಡ್ರಾಕ್ಸಿ ವಿಟಮಿನ್ ಡಿಯನ್ನು ಬೇರ್ಪಡಿಸಿತು. ಚರ್ಮದಲ್ಲಿ ಹುಟ್ಟಿದ ಅಥವಾ ತಿಂದ ವಿಟಮಿನ್ನನ್ನು ಯಕೃತ್ತು ಮಾರ್ಪಡಿಸಿದಾಗ ಸಿಗುವ ರೂಪವಿದು. ರಕ್ತದಲ್ಲಿ ವಾರಗಟ್ಟಲೆ ಉಳಿಯುವುದರಿಂದ ದೇಹದ ದಾಸ್ತಾನಿಗೆ ಇದೇ ಕನ್ನಡಿಯಾಯಿತು. 1971ರಲ್ಲಿ ಜಾನ್ ಹಡ್ಡಾಡ್ ಮತ್ತು ಕ್ಯುಂಗ್‌ಜಾ ಚ್ಯು ಇದನ್ನು ರಕ್ತದಲ್ಲಿ ಅಳೆಯುವ ವಿಧಾನ ಪ್ರಕಟಿಸಿದರು. ಅವರ ಸಾಧನದೊಳಗೂ ಇಲಿಯಿತ್ತು: ರಿಕೆಟ್ಸ್ ಹಿಡಿದ ಇಲಿಯ ಮೂತ್ರಪಿಂಡದಿಂದ ತೆಗೆದ, ವಿಟಮಿನ್ನನ್ನು ಹಿಡಿದುಕೊಳ್ಳುವ ಪ್ರೋಟೀನ್. ಸಾಮಾನ್ಯ ಆರೋಗ್ಯವಂತರಲ್ಲಿ ಸರಾಸರಿ ಮಿಲಿಲೀಟರಿಗೆ 27 ನ್ಯಾನೊಗ್ರಾಮ್, ಈಜುಗಾರರನ್ನು ಕಾಯುತ್ತ ದಿನವಿಡೀ ಬಿಸಿಲಲ್ಲಿರುವ ಲೈಫ್‌ಗಾರ್ಡ್‌ಗಳಲ್ಲಿ 64 ಎಂದು ಅವರಿಗೆ ಕಂಡುಬಂತು. ಪಾಮ್ ಊಹಿಸಿದ್ದ ಬಿಸಿಲು ಎಂಬತ್ತು ವರ್ಷದ ಮೇಲೆ ಸಂಖ್ಯೆಯಾಗಿ ಕೈಗೆ ಸಿಕ್ಕಿತು.

ಸಂಖ್ಯೆ ಸಿಕ್ಕ ಮೇಲೆ ಗಡಿ ಎಳೆಯುವ ಕೆಲಸ ಶುರುವಾಯಿತು. ರಿಕೆಟ್ಸ್ ಬರುವ ಮಟ್ಟವನ್ನೇ ಕೊರತೆ ಎನ್ನುವುದೇ, ಅಥವಾ ವಿಟಮಿನ್ ಇಳಿದಂತೆ ಪ್ಯಾರಾಥೈರಾಯ್ಡ್ ಹಾರ್ಮೋನು ಏರತೊಡಗುವ ಮಟ್ಟವನ್ನೇ? ಎರಡನೆಯದನ್ನು ಹಿಡಿದವರು 1990ರ ದಶಕದ ಕೊನೆಯಲ್ಲಿ 20ರ ಆಸುಪಾಸಿಗೂ 30ರ ಆಸುಪಾಸಿಗೂ ಗಡಿ ತಂದರು. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2011ರ ತನ್ನ ವರದಿಯಲ್ಲಿ ಬಹುತೇಕ ಎಲ್ಲರ ಮೂಳೆಗೂ 20 ಸಾಕು ಎಂದಿತು. ಅದೇ ವರ್ಷ ಎಂಡೊಕ್ರೈನ್ ಸೊಸೈಟಿ 30 ಬೇಕು ಎಂದಿತು. ಈ ಎರಡು ಗಡಿಗಳ ನಡುವೆ ಸಿಕ್ಕಿದವರು ಒಬ್ಬರ ಲೆಕ್ಕದಲ್ಲಿ ಆರೋಗ್ಯವಂತರು, ಇನ್ನೊಬ್ಬರ ಲೆಕ್ಕದಲ್ಲಿ ವಿಟಮಿನ್ ಸಾಲದವರು. ಬಿಸಿಲಿಗೆ ಬರವಿಲ್ಲದ ನಮ್ಮ ದೇಶದಲ್ಲೂ, ದೆಹಲಿಯ ಆರೋಗ್ಯವಂತರಲ್ಲೇ ಈ ವಿಟಮಿನ್ ಬಹಳ ಕಡಿಮೆಯಿದೆ ಎಂದು 2000ದಲ್ಲಿ ಪ್ರಕಟವಾದ ಅಧ್ಯಯನ ಹೇಳಿದ ಮೇಲೆ ಪರೀಕ್ಷೆ ಊರೂರಿನ ಲ್ಯಾಬುಗಳಿಗೆ ಬಂತು. 2024ರಲ್ಲಿ ಎಂಡೊಕ್ರೈನ್ ಸೊಸೈಟಿಯೇ ತನ್ನ ಹಳೆಯ 30ರ ಗುರಿಯನ್ನು ಕೈಬಿಟ್ಟು, ಆರೋಗ್ಯವಂತ ವಯಸ್ಕರಿಗೆ ಮಾಮೂಲಿಯಾಗಿ ಈ ಪರೀಕ್ಷೆ ಮಾಡಬೇಕಿಲ್ಲ ಎಂದು ಸಲಹೆ ಕೊಟ್ಟಿತು. ರಿಪೋರ್ಟಿನ ಅಂಚಿನಲ್ಲಿ ಅಚ್ಚಾಗುವ ಗಡಿ ಮನುಷ್ಯರು ಕೂತು ಮಾಡಿಕೊಂಡ ಒಪ್ಪಂದ. ಒಪ್ಪಂದವೆಂದ ಮಾತ್ರಕ್ಕೆ ಅದು ಸುಳ್ಳಲ್ಲ. ಆದರೆ ಅದು ತಿದ್ದುಪಡಿಗೆ ಒಳಪಟ್ಟದ್ದು.

ಗಡಿಯಷ್ಟೇ ಅಲ್ಲ, ಎಣಿಕೆಯೂ ಅಲುಗಾಡುತ್ತಿತ್ತು. ಮೆಟ್ರಿಕ್ ಮಾನ ಬರುವ ಮೊದಲು ನಮ್ಮ ಸಂತೆಗಳಲ್ಲಿ ಕಚ್ಚಾ ಸೇರು ಬೇರೆ, ಪಕ್ಕಾ ಸೇರು ಬೇರೆ ಇದ್ದಂತೆ, ಪ್ರಯೋಗಾಲಯಗಳ ನ್ಯಾನೊಗ್ರಾಮ್ ಕೂಡ ಒಂದೇ ಆಗಿರಲಿಲ್ಲ. 1980ರ ದಶಕದಿಂದ ಪ್ರತಿಕಾಯ ಬಳಸುವ ಕಿಟ್ಟುಗಳು ಬಂದವು. ಅವುಗಳಲ್ಲಿ ಹಲವಕ್ಕೆ ಡಿ3 ಚೆನ್ನಾಗಿ ಕಾಣುತ್ತಿತ್ತು, ಡಿ2 ಸರಿಯಾಗಿ ಕಾಣುತ್ತಿರಲಿಲ್ಲ. ಡಿ2 ಮಾತ್ರೆ ನುಂಗಿದವರ ರಕ್ತದ ಸಂಖ್ಯೆ ಏರದೆ, ಚಿಕಿತ್ಸೆ ಫಲಿಸಲಿಲ್ಲವೆಂದು ವೈದ್ಯರು ತಪ್ಪು ತಿಳಿಯುವ ಸಂಭವವಿತ್ತು. ಇಲಿ–ಕೋಳಿಗಳ ಹಳೆಯ ಪ್ರಶ್ನೆಯೇ ಗಾಜಿನ ಕೊಳವೆಯಲ್ಲಿ ಮರಳಿ ಬಂದಿತ್ತು. ಲಂಡನ್ನಿನಲ್ಲಿ 1989ರಲ್ಲಿ ಶುರುವಾದ ‘ಡೀಕ್ವಾಸ್’ ಯೋಜನೆ ಒಂದೇ ರಕ್ತದ ಮಾದರಿಯನ್ನು ಹಲವು ಲ್ಯಾಬುಗಳಿಗೆ ಕಳಿಸಿ ಉತ್ತರಗಳನ್ನು ಅಕ್ಕಪಕ್ಕ ಇಟ್ಟು ನೋಡುವ ವಾಡಿಕೆ ತಂದಿತು. ಅಮೆರಿಕದಲ್ಲಿ 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಒಂದೇ ಜನರ ರಕ್ತಕ್ಕೆ ಲ್ಯಾಬಿನಿಂದ ಲ್ಯಾಬಿಗೆ ಸುಮಾರು ದುಪ್ಪಟ್ಟು ವ್ಯತ್ಯಾಸ ಬಂತು. ಕೊನೆಗೆ 2009ರಲ್ಲಿ ಅಮೆರಿಕದ ಮಾನಕ ಸಂಸ್ಥೆ ಪ್ರಮಾಣೀಕರಿಸಿದ ರಕ್ತದ ಮಾದರಿಯನ್ನು ಹೊರತಂದಿತು, ಮರುವರ್ಷ ಅಂತರರಾಷ್ಟ್ರೀಯ ಮಾನಕೀಕರಣ ಕಾರ್ಯಕ್ರಮ ಮೊದಲಾಯಿತು. ಅಣುವನ್ನು ಅದರ ತೂಕದಿಂದಲೇ ಗುರುತಿಸುವ ಮಾಸ್ ಸ್ಪೆಕ್ಟ್ರೊಮೀಟರ್ ನಂಬಿಕಸ್ಥ ವಿಧಾನವಾಯಿತು. ಅದಕ್ಕೂ ಒಂದು ಕುರುಡುಚುಕ್ಕೆಯಿದೆ: ಶಿಶುಗಳ ರಕ್ತದಲ್ಲಿ ಹೆಚ್ಚಿರುವ ‘ಎಪಿಮರ್’ ಎಂಬ ಜೋಡಿ ಅಣು ತೂಕದಲ್ಲಿ ಇದರ ಪಡಿಯಚ್ಚು. ಮೊದಲೇ ಎರಡನ್ನೂ ಬೇರ್ಪಡಿಸದಿದ್ದರೆ ಲೆಕ್ಕ ಉಬ್ಬುತ್ತದೆ.

ಇಷ್ಟಾದರೂ ರಕ್ತದ ಸಂಖ್ಯೆ ಏನನ್ನು ಎಣಿಸುತ್ತಿದೆ ಎಂಬ ಮೂಲ ಪ್ರಶ್ನೆ ಉಳಿಯಿತು. ರಕ್ತದಲ್ಲಿರುವ ಒಂದು ಪ್ರೋಟೀನನ್ನು 1959ರಲ್ಲಿ ಯಾನ್ ಹಿರ್ಶ್‌ಫೆಲ್ಡ್ ಗುರುತಿಸಿದ್ದ. ಅದು ವಿಟಮಿನ್ ಡಿಯನ್ನು ಹೊತ್ತು ಸಾಗುವ ಪ್ರೋಟೀನ್ ಎಂದು 1975ರಲ್ಲಿ ತಿಳಿಯಿತು. 25-ಹೈಡ್ರಾಕ್ಸಿ ವಿಟಮಿನ್ನಿನ ಸುಮಾರು ಶೇ. 85–90 ಭಾಗ ಈ ಪ್ರೋಟೀನಿಗೆ ಬಿಗಿಯಾಗಿ ಅಂಟಿರುತ್ತದೆ, ಉಳಿದದ್ದರಲ್ಲಿ ಹೆಚ್ಚಿನದು ಆಲ್ಬುಮಿನ್ನಿಗೆ ಸಡಿಲವಾಗಿ ಅಂಟಿರುತ್ತದೆ. ಯಾವುದಕ್ಕೂ ಅಂಟದೆ ಬಿಡಿಯಾಗಿರುವುದು ಶೇ. 0.03ರಷ್ಟು, ಅಂದರೆ 10,000ದಲ್ಲಿ ಮೂರು ಪಾಲು. ಲ್ಯಾಬು ಎಣಿಸುವುದು ಒಟ್ಟು ಮೊತ್ತವನ್ನು. ಗರ್ಭಿಣಿಯರಲ್ಲಿ ಈ ಪ್ರೋಟೀನ್ ಏರುತ್ತದೆ, ಯಕೃತ್ತು ಕೆಟ್ಟವರಲ್ಲಿ ಇಳಿಯುತ್ತದೆ. ಅದರ ಜತೆಗೆ ಒಟ್ಟು ಸಂಖ್ಯೆಯೂ ಏರಿಳಿಯುತ್ತದೆ. ಕಪ್ಪು ಅಮೆರಿಕನ್ನರಲ್ಲಿ ಒಟ್ಟು ಪ್ರಮಾಣ ಕಡಿಮೆಯಿದ್ದರೂ ಮೂಳೆಯ ಸಾಂದ್ರತೆ ಹೆಚ್ಚಿರುವುದೇಕೆ ಎಂಬ ಹಳೆಯ ಒಗಟಿಗೆ, ಅವರಲ್ಲಿ ಈ ಪ್ರೋಟೀನೇ ಕಡಿಮೆ, ಹಾಗಾಗಿ ಬಳಕೆಗೆ ಸಿಗುವ ವಿಟಮಿನ್ ಸಮನಾಗಿಯೇ ಇದೆ ಎಂದು 2013ರಲ್ಲಿ ಉತ್ತರ ಬಂತು. ಮುಂದಿನ ಕೆಲವೇ ವರ್ಷಗಳಲ್ಲಿ ಆ ಉತ್ತರ ಕುಸಿಯಿತು. ಬಳಸಿದ್ದ ಪ್ರತಿಕಾಯಕ್ಕೆ ಆಫ್ರಿಕನ್ ಮೂಲದವರಲ್ಲಿ ಹೆಚ್ಚಾಗಿರುವ ಪ್ರೋಟೀನಿನ ಬಗೆ ಸರಿಯಾಗಿ ಕಾಣುತ್ತಿರಲಿಲ್ಲ. ಬೇರೆ ವಿಧಾನದಲ್ಲಿ ಅಳೆದಾಗ ಆ ಕೊರತೆ ಮಾಯವಾಯಿತು. ಇಲ್ಲೂ ಸಂಖ್ಯೆಯೊಳಗೆ ಸಾಧನದ ಗುಣ ಸೇರಿತ್ತು, ಇಲ್ಲೂ ಅದನ್ನು ಹೊರಗೆಡವಿದ್ದು ಎರಡನೆಯ ಅಳತೆ.

ಲಾಲಾರಸ ಈ ಚರಿತ್ರೆಯೊಳಗೆ ಬಂದದ್ದು ಬಿಡಿ ಅಣುಗಳ ದಾರಿಯಿಂದ. ಕೊಬ್ಬಿನಲ್ಲಿ ಕರಗುವ ಸಣ್ಣ ಹಾರ್ಮೋನುಗಳು ರಕ್ತದಿಂದ ಲಾಲಾಗ್ರಂಥಿಯ ಜೀವಕೋಶಗಳನ್ನು ದಾಟಿ ಬಾಯಿಗೆ ಇಳಿಯುತ್ತವೆ. ದೊಡ್ಡ ಪ್ರೋಟೀನಿಗೆ ಅಂಟಿಕೊಂಡಿರುವವು ರಕ್ತದಲ್ಲೇ ಉಳಿಯುತ್ತವೆ. ಹೀಗಾಗಿ ಜೊಲ್ಲು ಬಿಡಿ ಹಾರ್ಮೋನಿನ ಲೆಕ್ಕ ಕೊಡಬಲ್ಲದು ಎಂಬ ವಿಚಾರವನ್ನು ವೇಲ್ಸ್‌ನ ಕಾರ್ಡಿಫ್‌ನಲ್ಲಿ ಡಯಾನಾ ರಿಯಾದ್-ಫಾಹ್ಮಿ ಮತ್ತು ಸಂಗಡಿಗರು 1980ರ ದಶಕದ ಆರಂಭದಲ್ಲಿ ಸ್ಟಿರಾಯ್ಡ್ ಹಾರ್ಮೋನುಗಳಿಗಾಗಿ ಬೆಳೆಸಿದರು. ಕಾರ್ಟಿಸಾಲ್ ವಿಷಯದಲ್ಲಿ ಇದು ಗೆದ್ದಿತು. ಕುಶಿಂಗ್ ರೋಗದ ಶಂಕೆಯಿದ್ದಾಗ ನಡುರಾತ್ರಿಯ ಜೊಲ್ಲಿನಲ್ಲಿ ಕಾರ್ಟಿಸಾಲ್ ಅಳೆಯುವುದು 2008ರ ಹೊತ್ತಿಗೆ ಎಂಡೊಕ್ರೈನ್ ಸೊಸೈಟಿಯ ಮಾರ್ಗಸೂಚಿಯಲ್ಲೇ ಸೇರಿತು. ವಿಟಮಿನ್ ಡಿಯನ್ನು ಲಾಲಾರಸದಲ್ಲಿ ಅಳೆಯುವ ಯತ್ನವನ್ನು 1987ರಲ್ಲೇ ಫೇರ್ನಿ ಮತ್ತು ಸಫಿಯರ್ ಬ್ರಿಟಿಷ್ ಪೌಷ್ಟಿಕಾಂಶ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. 2008ರಲ್ಲಿ ಜಪಾನಿನ ತತ್ಸುಯ ಹಿಗಾಶಿ ತಂಡ ಮಾಸ್ ಸ್ಪೆಕ್ಟ್ರೊಮೀಟರ್ ಬಳಸಿ, ಅಣುವಿಗೆ ಇನ್ನೊಂದು ರಾಸಾಯನಿಕ ಜೋಡಿಸಿ ಅದರ ಸುಳಿವನ್ನು ಹಿಗ್ಗಿಸಿ, ಮಿಲಿಲೀಟರ್ ಜೊಲ್ಲಿನಲ್ಲಿ ಕೆಲವೇ ಪಿಕೊಗ್ರಾಮ್ ಇರುವ 25-ಹೈಡ್ರಾಕ್ಸಿ ಡಿ3ಯನ್ನು ಅಳೆಯಿತು. ಅದು ರಕ್ತದ ಪ್ರಮಾಣದೊಂದಿಗೆ ಏರಿಳಿಯುತ್ತದೆಂದು ತೋರಿಸಿತು. ಲೆಕ್ಕ ಹಾಕಿ ನೋಡಿ. ರಕ್ತದಲ್ಲಿ ಮಿಲಿಲೀಟರಿಗೆ 20 ನ್ಯಾನೊಗ್ರಾಮ್ ಎಂದರೆ 20,000 ಪಿಕೊಗ್ರಾಮ್. ಅದರ ಶೇ. 0.03 ಎಂದರೆ 6 ಪಿಕೊಗ್ರಾಮ್. ಜೊಲ್ಲಿನಲ್ಲಿ ಸಿಕ್ಕಿದ್ದೂ ಆ ಆಸುಪಾಸಿನ ಸಂಖ್ಯೆಯೇ. ಬಿಡಿ ವಿಟಮಿನ್ ಮಾತ್ರ ಬಾಯಿಗೆ ಇಳಿಯುತ್ತದೆ ಎಂಬ ವಿಚಾರಕ್ಕೆ ಇದು ಒಳ್ಳೆಯ ಬೆಂಬಲ.

ಆದರೆ ಈ ಲೆಕ್ಕವೇ ಅಪಾಯವನ್ನೂ ತೋರಿಸುತ್ತದೆ. ಪಿಕೊಗ್ರಾಮ್ ಎಂದರೆ ಒಂದು ಗ್ರಾಮಿನ ಲಕ್ಷ ಕೋಟಿಯಲ್ಲೊಂದು ಭಾಗ. ಒಂದು ಮಿಲಿಲೀಟರ್, ಅಂದರೆ ಸುಮಾರು ಇಪ್ಪತ್ತು ಹನಿ ಜೊಲ್ಲಿಗೆ ಸಾವಿರದಲ್ಲೊಂದು ಪಾಲು ರಕ್ತದ ದ್ರವ ಸೇರಿತೆನ್ನಿ. ಅದರೊಂದಿಗೆ 20 ಪಿಕೊಗ್ರಾಮ್ ಒಳಬರುತ್ತದೆ. ಜೊಲ್ಲಿನದೇ ಆದ 6 ಈಗ 26 ಆಗಿ, ಉತ್ತರ ನಾಲ್ಕು ಪಟ್ಟಿಗೂ ಮಿಗಿಲಾಗುತ್ತದೆ. ಹೀಗಾಗಲು ವಸಡಿನಿಂದ ರಕ್ತ ಕಾಣುವಂತೆ ಸುರಿಯಬೇಕಿಲ್ಲ. ಹಲ್ಲು ಮತ್ತು ವಸಡಿನ ಸಂದಿಯಿಂದ ಬಣ್ಣವಿಲ್ಲದ ದ್ರವವೊಂದು ಸದಾ ಒಸರುತ್ತಿರುತ್ತದೆ. ಅದರ ಮೂಲ ರಕ್ತವೇ. ವಸಡು ಬಾತಿದ್ದರೆ ಅದು ಹೆಚ್ಚುತ್ತದೆ, ಜೊಲ್ಲು ಮಾತ್ರ ಕಣ್ಣಿಗೆ ತಿಳಿಯಾಗಿಯೇ ಇರುತ್ತದೆ. ಕಾರ್ಟಿಸಾಲಿಗೆ ಈ ಕಾಟ ಇಷ್ಟಿಲ್ಲ. ಅದರ ಬಿಡಿ ಪಾಲೇ ದೊಡ್ಡದಾದ್ದರಿಂದ ರಕ್ತಕ್ಕೂ ಜೊಲ್ಲಿಗೂ ಅಂತರ ಸಾವಿರಗಟ್ಟಲೆ ಪಟ್ಟು ಇರುವುದಿಲ್ಲ. ಅಲ್ಲೂ ಗ್ರಂಥಿ ಬರಿಯ ಜರಡಿಯಲ್ಲ. ದಾಟುವ ಕಾರ್ಟಿಸಾಲಿನ ಬಹುಪಾಲನ್ನು ತನ್ನ ಕಿಣ್ವದಿಂದ ಕಾರ್ಟಿಸೋನ್ ಆಗಿ ಮಾರ್ಪಡಿಸಿಯೇ ಬಿಡುತ್ತದೆ. ಜೊಲ್ಲು ಹಿಡಿಯಲು ಹತ್ತಿಯ ಉಂಡೆ ಬಳಸಿದರೆ ಕೊಬ್ಬಿನಲ್ಲಿ ಕರಗುವ ಅಣು ಹತ್ತಿಗೇ ಅಂಟಿ ಉಳಿಯಬಹುದು. ರಕ್ತಕ್ಕೆಂದು ತಯಾರಾದ ಪ್ರತಿಕಾಯದ ಕಿಟ್ಟಿಗೆ ಜೊಲ್ಲು ಹಾಕಿದರೆ, ಸಾವಿರ ಪಟ್ಟು ಕಡಿಮೆಯಿರುವ ವಸ್ತುವನ್ನು ಅದು ಕಾಣುತ್ತಿದೆಯೋ ಬೇರೇನನ್ನೋ ಕಾಣುತ್ತಿದೆಯೋ ಎಂದು ಮೊದಲು ಸಾಬೀತಾಗಬೇಕು. ಇಲಿಗೆ ಇಲಿಯ ಗುಣ, ಪ್ರತಿಕಾಯಕ್ಕೆ ಪ್ರತಿಕಾಯದ ಗುಣ ಇದ್ದಂತೆ ಬಾಯಿಗೂ ಅದರದೇ ಗುಣವಿದೆ.

ಇದಕ್ಕೆ ಬಲವಾದ ಆಕ್ಷೇಪವೊಂದುಂಟು. ದೇಹದ ಜೀವಕೋಶಗಳಿಗೆ ನೇರವಾಗಿ ಸಿಗುವುದು ಬಿಡಿ ವಿಟಮಿನ್ ಆಗಿದ್ದರೆ, ಅದನ್ನು ತೋರಿಸುವ ಜೊಲ್ಲೇ ರಕ್ತಕ್ಕಿಂತ ಮಿಗಿಲಾದ ಅಳತೆಯಲ್ಲವೇ? ಒಟ್ಟು ಮೊತ್ತಕ್ಕೆ ಅದು ಏಕೆ ತಾಳೆಯಾಗಬೇಕು? ಈ ಮಾತಿಗೆ ಆಧಾರವಿದೆ. ಹೊತ್ತೊಯ್ಯುವ ಪ್ರೋಟೀನೇ ಇಲ್ಲದಂತೆ ಮಾಡಿದ ಪುಟ್ಟ ಇಲಿಗಳ ಕುರಿತ 1999ರ ಅಧ್ಯಯನದಲ್ಲಿ, ಅವುಗಳ ರಕ್ತದ ಒಟ್ಟು ಪ್ರಮಾಣ ಬಹಳ ಇಳಿದಿದ್ದರೂ ಸರಿಯಾದ ಆಹಾರ ಸಿಗುವವರೆಗೆ ಅವು ಆರೋಗ್ಯವಾಗಿಯೇ ಇದ್ದವು. ಆದರೆ ಅದೇ ಅಧ್ಯಯನದ ಇನ್ನರ್ಧವನ್ನೂ ಓದಬೇಕು. ವಿಟಮಿನ್ ಡಿ ಇಲ್ಲದ ಆಹಾರ ಕೊಟ್ಟಾಗ ಆ ಇಲಿಗಳು ಉಳಿದವಕ್ಕಿಂತ ಬೇಗ ಕೊರತೆಗೆ ಬಿದ್ದವು. ಪ್ರೋಟೀನಿಗೆ ಅಂಟಿದ ವಿಟಮಿನ್ ಕಣಜದ ಧಾನ್ಯದಂತೆ, ಮಳೆಗಾಲಕ್ಕೆಂದು ಇಟ್ಟ ದಾಸ್ತಾನು. ಅಷ್ಟೇ ಅಲ್ಲ, ಮೂತ್ರಪಿಂಡ ಅಂಟಿದ ರೂಪವನ್ನೇ ಮೆಗಾಲಿನ್ ಎಂಬ ಗ್ರಾಹಿಯ ಮೂಲಕ ಒಳಗೆಳೆದು ಸಕ್ರಿಯ ಹಾರ್ಮೋನಾಗಿ ಮಾರ್ಪಡಿಸುತ್ತದೆ ಎಂಬುದೂ ಅದೇ 1999ರಲ್ಲಿ ತಿಳಿಯಿತು. ಬಿಡಿಯದು ಮಾತ್ರ ಮುಖ್ಯ ಎನ್ನುವುದೂ ಒಟ್ಟು ಮಾತ್ರ ಮುಖ್ಯ ಎನ್ನುವುದೂ ಅರೆಸತ್ಯ. ರಕ್ತ ದಾಸ್ತಾನಿನ ಲೆಕ್ಕ ಕೊಡುತ್ತದೆ, ಜೊಲ್ಲು ಕೈಯಲ್ಲಿರುವ ಚಿಲ್ಲರೆಯ ಲೆಕ್ಕ ಕೊಡಬಹುದು. ಇವೆರಡೂ ಹೊಂದದಿದ್ದಾಗ ಒಂದನ್ನು ತಪ್ಪೆಂದು ಎಸೆಯುವ ಬದಲು ಏಕೆ ಹೊಂದಲಿಲ್ಲ ಎಂದು ಕೇಳುವುದೇ ಕೋಳಿಮರಿ ಕಲಿಸಿದ ಪಾಠ.

ಎರಡನೆಯ ಆಕ್ಷೇಪ ಕರುಣೆಯದು. ಹಸುಗೂಸಿನ ನರ ಹುಡುಕಿ ಸೂಜಿ ಚುಚ್ಚುವುದು, ಹಳ್ಳಿಯಿಂದ ರಕ್ತವನ್ನು ತಣ್ಣಗಿಟ್ಟು ಸಾಗಿಸುವುದು ಸುಲಭವಲ್ಲ. ಸ್ವಲ್ಪ ಒರಟಾದರೂ ನೋವಿಲ್ಲದ ಅಳತೆ ಬರಲಿ ಎನ್ನುವವರ ಕಾಳಜಿ ನಿಜವಾದದ್ದು. ಕೋವಿಡ್ ಕಾಲದಲ್ಲಿ ಜೊಲ್ಲಿನ ಪರೀಕ್ಷೆ ನಡೆಯಿತಲ್ಲ ಎಂದೂ ಕೇಳಬಹುದು. ಅಲ್ಲಿ ಕೇಳಿದ್ದು ವೈರಾಣು ಇದೆಯೋ ಇಲ್ಲವೋ ಎಂದು. ಇದ್ದರೆ ಅದರ ಆನುವಂಶಿಕ ತುಣುಕನ್ನು ಯಂತ್ರದಲ್ಲಿ ಕೋಟಿಗಟ್ಟಲೆ ಪ್ರತಿಗಳಾಗಿ ಹೆಚ್ಚಿಸಬಹುದು. ವಿಟಮಿನ್ನಿನ ಅಣುವನ್ನು ಹಾಗೆ ಹೆಚ್ಚಿಸಲಾಗದು, ಮತ್ತು ಇಲ್ಲಿನ ಪ್ರಶ್ನೆ ಎಷ್ಟು ಎಂಬುದು. ಬಾತ ವಸಡಿನಿಂದಾಗಿ ಉಬ್ಬಿದ ಸಂಖ್ಯೆ ಬಂದರೆ ನಿಜವಾದ ಕೊರತೆಯ ಮಗುವಿಗೆ ಔಷಧಿ ತಪ್ಪುತ್ತದೆ. ವಸಡು ಕೆಟ್ಟಿರುವುದು ಹೆಚ್ಚಾಗಿ ಬಡವರಲ್ಲಿ, ಕೊರತೆಯ ಭಯ ಇರುವುದೂ ಅವರಲ್ಲೇ. ಎಂದರೆ ಯಾರಿಗಾಗಿ ಈ ಪರೀಕ್ಷೆ ಬೇಕೆನ್ನುತ್ತೇವೆಯೋ ಅವರ ವಿಷಯದಲ್ಲೇ ಅದು ಎಡವುವ ಸಂಭವ ಹೆಚ್ಚು. ನೋವು ತಪ್ಪಿಸುವುದು ಕರುಣೆ ಹೌದು, ಸರಿಯಾದ ಉತ್ತರ ಕೊಡುವುದು ಅದಕ್ಕಿಂತ ದೊಡ್ಡ ಕರುಣೆ.

ರಕ್ತದ ಅಳತೆಯೇ ಇಷ್ಟು ಅಲುಗಾಡಿರುವಾಗ ಜೊಲ್ಲಿಗೆ ಮಾತ್ರ ಇಷ್ಟು ಕಟ್ಟುನಿಟ್ಟೇಕೆ ಎಂಬುದು ಮೂರನೆಯ ಪ್ರಶ್ನೆ. ಉತ್ತರ ಚರಿತ್ರೆಯಲ್ಲೇ ಇದೆ. ರಕ್ತದ ಸಂಖ್ಯೆಗೆ ಮಾನ್ಯತೆ ಸಿಕ್ಕಿದ್ದು ಅದು ತಪ್ಪೇ ಮಾಡದ್ದರಿಂದಲ್ಲ. ಅದರ ತಪ್ಪುಗಳನ್ನು ಐವತ್ತು ವರ್ಷ ಬಹಿರಂಗವಾಗಿ ಎಣಿಸಿದ್ದರಿಂದ, ಲ್ಯಾಬಿನಿಂದ ಲ್ಯಾಬಿಗೆ ಮಾದರಿ ಕಳಿಸಿ ತಿದ್ದಿದ್ದರಿಂದ, ಪ್ರಮಾಣೀಕೃತ ಮಾದರಿ ತಯಾರಿಸಿದ್ದರಿಂದ, ಮತ್ತು ಎಲ್ಲಕ್ಕಿಂತ ಮಿಗಿಲಾಗಿ ರಿಕೆಟ್ಸ್ ಮತ್ತು ಮೂಳೆ ಮೆದುವಾಗುವ ರೋಗಗಳೊಂದಿಗೆ ಅದನ್ನು ಮತ್ತೆ ಮತ್ತೆ ಹೋಲಿಸಿ ನೋಡಿದ್ದರಿಂದ. ಜೊಲ್ಲೂ ಇದೇ ದಾರಿ ತುಳಿಯಬೇಕು. ಹತ್ತಿಯಿಲ್ಲದೆ ಹಿಡಿದ ಮಾದರಿ, ರಕ್ತದಲ್ಲಿ ಹೇರಳವಾಗಿದ್ದು ಜೊಲ್ಲಿನಲ್ಲಿ ವಿರಳವಾದ ಟ್ರಾನ್ಸ್‌ಫೆರಿನ್ ಪ್ರೋಟೀನ್ ಅಳೆದು ಬೆರಕೆಯಿಲ್ಲವೆಂಬ ಖಾತ್ರಿ, ಲಾಲಾರಸದ್ದೇ ಆದ ಪ್ರಮಾಣೀಕೃತ ಮಾದರಿ, ಪ್ರಯೋಗಾಲಯಗಳ ನಡುವೆ ತಾಳೆ, ಕೊನೆಗೆ ಮೂಳೆಯ ಸಾಕ್ಷಿ. ಇವೆಲ್ಲ ಸಿಗುವವರೆಗೆ ಜೊಲ್ಲಿನ ಲೆಕ್ಕ ಸಂಶೋಧಕರ ಕೈಯಲ್ಲಿ ಬೆಲೆಬಾಳುವ ಪ್ರಶ್ನೆಯಾಗಿಯೇ ಇರಲಿ. ವ್ಯಕ್ತಿಯೊಬ್ಬರ ಔಷಧಿಯನ್ನು ನಿರ್ಧರಿಸುವ ಉತ್ತರವಾಗಲು ಅದು ಇನ್ನೂ ಅರ್ಹವಲ್ಲ.

ಬಾಯಿಯ ಜೊಲ್ಲು ರಕ್ತಕ್ಕೆ ಬದಲಿಯಲ್ಲ, ರಕ್ತದ ಮಾತನ್ನು ಒರೆಗೆ ಹಚ್ಚಬಲ್ಲ ಎರಡನೆಯ ಸಾಕ್ಷಿ. ಮನೆಗೇ ಕಿಟ್ಟು ಕಳಿಸಿ, ಉಗುಳಿ ಕಳಿಸಿದರೆ ಸಾಕೆಂದು ಹೇಳುವ ಪರೀಕ್ಷೆ ಎದುರಾದಾಗ ಓದುಗರು ಮೂರು ಪ್ರಶ್ನೆ ಕೇಳಬೇಕು: ಯಾವ ವಿಧಾನದಲ್ಲಿ ಅಳೆಯುತ್ತೀರಿ, ರಕ್ತ ಬೆರೆತಿಲ್ಲವೆಂದು ಹೇಗೆ ಖಾತ್ರಿ ಮಾಡುತ್ತೀರಿ, ಈ ಗಡಿಯನ್ನು ಯಾರ ಮೂಳೆ ನೋಡಿ ಎಳೆದಿರಿ? ರಕ್ತದ ರಿಪೋರ್ಟು ಕೈಗೆ ಬಂದಾಗಲೂ ಮೊದಲ ಮತ್ತು ಮೂರನೆಯ ಪ್ರಶ್ನೆಗಳನ್ನು ವೈದ್ಯರ ಮುಂದೆ ಇಡಬೇಕು. ಉತ್ತರ ಸಿಗದ ಸಂಖ್ಯೆಯನ್ನು ನಂಬಿ ಮಾತ್ರೆ ನುಂಗಬೇಡಿ, ನುಂಗುತ್ತಿರುವುದನ್ನು ನಿಲ್ಲಿಸಲೂ ಬೇಡಿ.